ಒಂದೇ ಸುಳಿಯ ಮರ

ಗದ್ವಾಲಿನ ಕಡೆ ಹೊಲದ ಬದುವಿನಲ್ಲಿ ನಿಂತು ಮಾತಿಗಿಳಿದರೆ ಶೇಂಗಾ, ಹತ್ತಿ ಬೀಜದ ಸುದ್ದಿ ಮುಗಿಯುವ ಮೊದಲೇ ಈಗ ಪಾಮಾಯಿಲ್ ಸುದ್ದಿ ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಾಳೆಎಣ್ಣೆ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲೆ ಈ ಸೀಮೆಗೂ ತಾಳೆ ಬಂತು. ಕೃಷ್ಣೆಯ ದಡದ ಬೀಚುಪಲ್ಲಿಯಲ್ಲಿ ನರ್ಸರಿಯೂ ಆಯಿತು. ಎಕರೆಗೆ 57 ಸಸಿ. ಮೊದಲ ಗೊನೆಗೆ ಮೂರ್ನಾಲ್ಕು ವರ್ಷ ಕಾಯಬೇಕು, ಆಮೇಲೆ ಸುಮಾರು 25 ವರ್ಷ ಅದೇ ಮರದ ಜೊತೆ ಬಾಳ್ವೆ.

ತೋಟಕ್ಕೆ ಹೋಗುವ ಈ ಸಸಿಗಳು ಬೀಜದವು. ಬಾಳೆ ಹಾಕುವವರು ಜಿ-9 ಟಿಶ್ಯೂ ಸಸಿಯನ್ನೇ ಕೇಳಿ ತರುವಾಗ, ತಾಳೆಗೆ ಮಾತ್ರ ಮಲೇಷ್ಯಾ, ಥಾಯ್ಲೆಂಡ್, ಕೋಸ್ಟರಿಕಾಗಳಿಂದಲೂ ಮೊಳಕೆ ಬೀಜ ತರಿಸುವುದೇಕೆ?

ಬಾಳೆಯ ಬುಡದಲ್ಲಿ ಕಂದು ಒಡೆಯುತ್ತದೆ. ಅದರ ಎಳೆ ತುದಿಯನ್ನು ಬಾಟಲಿಯಲ್ಲಿಟ್ಟು, ಸಕ್ಕರೆ, ಲವಣ, ಹಾರ್ಮೋನು ಬೆರೆಸಿದ ಅಗರ್ ಕೊಟ್ಟರೆ ಒಂದು ಹತ್ತಾಗುತ್ತದೆ. ತಾಳೆಗೆ ಕಂದಿಲ್ಲ, ಕವಲಿಲ್ಲ. ಇರುವುದು ಒಂದೇ ಸುಳಿ. ಅದನ್ನು ಕಡಿದರೆ ಮರವೇ ಹೋಯಿತು. ಹಾಗಾಗಿ ಪ್ರಯೋಗಾಲಯದವರು ಸುಳಿಯ ಮೊಗ್ಗನ್ನು ಮುಟ್ಟದೆ, ಅದರ ಮೇಲೆ ಬಿಗಿಯಾಗಿ ಸುತ್ತಿಕೊಂಡಿರುವ, ಇನ್ನೂ ಬಿಸಿಲು ಕಾಣದ ಬಿಳಿ ಗರಿಗಳನ್ನು ಚೂರು ಮಾಡಿ ಇಡುತ್ತಾರೆ. ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಆಮೇಲೆ ಕೆಲವೇ ಚೂರುಗಳ ಅಂಚಿನಲ್ಲಿ ಗಂಟು ಏಳುತ್ತದೆ. ಗಂಟಿನಿಂದ ಭ್ರೂಣ, ಭ್ರೂಣದಿಂದ ಸಸಿ. ವರ್ಷಗಳ ಕೆಲಸ.

1970ರ ದಶಕದಲ್ಲಿ ಬ್ರಿಟನ್, ಫ್ರಾನ್ಸ್ ವಿಜ್ಞಾನಿಗಳು ಇದನ್ನು ಸಾಧಿಸಿದರು. ಮಲೇಷ್ಯಾದ ತೋಟಗಳಲ್ಲಿ ನೆಟ್ಟ ಸಸಿಗಳು ಚೆನ್ನಾಗಿಯೇ ಬೆಳೆದವು. ತೊಂದರೆ ಕಂಡದ್ದು ಹೂ ಬಿಟ್ಟಾಗ. ಕೆಲವು ಮರಗಳಲ್ಲಿ ಕೇಸರ ಇರಬೇಕಾದ ಜಾಗದಲ್ಲಿ ಅಂಡಾಶಯದಂಥ ತೊಳೆಗಳು ಬೆಳೆದು ಕಾಯಿಯ ಸುತ್ತ ಮೆತ್ತಿಕೊಂಡಿದ್ದವು. ದೋಷ ಜೋರಾಗಿದ್ದಲ್ಲಿ ಕಾಯಿ ಬಲಿಯಲೇ ಇಲ್ಲ, ಎಣ್ಣೆಯ ಮಾತು ದೂರ. ಕಾರಣ ಸಿಕ್ಕಿದ್ದು 2015ರಲ್ಲಿ, ಮಲೇಷ್ಯಾದ ವಿಜ್ಞಾನಿಗಳಿಗೆ. ಡಿಎನ್‌ಎಯ ಸಾಲು ಬದಲಾಗಿರಲಿಲ್ಲ. ‘ಕರ್ಮ’ ಎಂಬ ತುಣುಕಿನ ಮೇಲಿನ ಮೀಥೈಲ್ ಗುರುತು ಬಾಟಲಿಯೊಳಗೇ ಅಳಿಸಿಹೋಗಿತ್ತು. ಎಳೆ ಸಸಿಯ ಎಲೆಯಿಂದಲೇ ಇದನ್ನು ಪರೀಕ್ಷಿಸುವ ದಾರಿ ಆಗ ತೆರೆಯಿತು.

ಬಾಳೆಯಲ್ಲಿ ತಪ್ಪಾದರೆ ಒಂದು ಬೆಳೆ ಹೋಗುತ್ತದೆ. ತಾಳೆಯಲ್ಲಿ ಹೋಗುವುದು ಒಂದು ತಲೆಮಾರಿನ ದುಡಿಮೆ. ಅದಕ್ಕೇ ನಮ್ಮ ರೈತರು ಒಂದು ವಿಷಯದಲ್ಲಿ ಹಟ ಹಿಡಿಯಬೇಕು ಎನ್ನುತ್ತೇನೆ: ಬೀಜದ ಸಸಿಯೇ ಇರಲಿ, ನಾಳೆ ಬಾಟಲಿಯದೇ ಬರಲಿ, ಅದರ ತಾಯಿ ತಂದೆ ಯಾವುದು ಎಂದು ನರ್ಸರಿಯಲ್ಲಿ ಬರೆಸಿಕೊಳ್ಳಬೇಕು. ದಪ್ಪ ಚಿಪ್ಪಿನ ಡೂರಾ ತಾಯಿಗೆ ಚಿಪ್ಪಿಲ್ಲದ ಪಿಸಿಫೆರಾದ ಪರಾಗ ಸೇರಿ ಹುಟ್ಟಿದ ಟೆನೆರಾವೇ ತೋಟಕ್ಕೆ ಬೇಕಾದದ್ದು. ಗರಿ ನೋಡಿ ಅದನ್ನು ಹೇಳಲಾಗದು. ಕಾಯಿ ಸೀಳಿ ಒಳಗಿನ ಚಿಪ್ಪು ನೋಡುವ ಹೊತ್ತಿಗೆ ಮೂರ್ನಾಲ್ಕು ವರ್ಷ ನೀರು, ಗೊಬ್ಬರ ಹಾಕಿ ಆಗಿರುತ್ತದೆ.