ಶಾಲೆಯ ಮೇಳದಲ್ಲಿ ಸ್ವರಗಳ ಜಗಳ

ಧಾರವಾಡದ ಹೆಸರು ಕೇಳಿದೊಡನೆ ನಮಗೆ ಹಾಡುಗಾರರೇ ನೆನಪಾಗುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರು (1886–1952), ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರ ಕೀರ್ತಿ ದೇಶವನ್ನೆಲ್ಲ ಮುಟ್ಟಿದೆ. ಆದರೆ ಈ ನೆಲ ವಾದ್ಯಸಂಗೀತಕ್ಕೂ ತವರುಮನೆ. ಸಿತಾರರತ್ನ ರಹಿಮತ್ ಖಾನರು 1931ರಲ್ಲಿ ಧಾರವಾಡದಲ್ಲಿ ಭಾರತೀಯ ಸಂಗೀತ ವಿದ್ಯಾಲಯವನ್ನು ತೆರೆದರು. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರು ಹಾರ್ಮೋನಿಯಂ, ಪಿಟೀಲು, ತಬಲಾಗಳನ್ನು ಕಲಿತು ಸ್ವತಂತ್ರ ಜೀವನಕ್ಕೆ ದಾರಿ ಕಂಡುಕೊಂಡರು. ಹಳ್ಳಿಗಳಲ್ಲಿ ಭಜನೆಯ ಹಾರ್ಮೋನಿಯಂ ಉಂಟು. ಕರಡಿ ಮಜಲು, ಸನಾದಿ, ಹಲಗೆ, ಜಗ್ಗಲಿಗೆಗಳುಂಟು.

ಹೀಗಿರುವಾಗ ನವಲಗುಂದ, ಅಣ್ಣಿಗೇರಿ, ಕಲಘಟಗಿಗಳ ಕಡೆಯ ಒಂದು ಪ್ರೌಢಶಾಲೆ ತನ್ನದೇ ವಾದ್ಯಮೇಳವನ್ನು ಕಟ್ಟಲು ಹೊರಟರೆ ವಾದ್ಯಗಳಿಗಾಗಿ ದೂರ ಹೋಗಬೇಕಿಲ್ಲ. ತೊಡಕು ಬೇರೆಡೆ ಇದೆ. ಒಂದೊಂದಾಗಿ ನುಡಿಸಿದಾಗ ಇಂಪಾಗಿದ್ದ ವಾದ್ಯಗಳು ಒಟ್ಟಿಗೆ ಕೂಡಿದೊಡನೆ ಜಗಳಕ್ಕೆ ನಿಲ್ಲುತ್ತವೆ. ಆಗ ಕೊಳಲು ಹಿಡಿದ ಹುಡುಗನಿಗೆ “ನಿನ್ನ ಕಿವಿ ಸರಿಯಿಲ್ಲ” ಎಂಬ ತೀರ್ಪು ಸಿಗುವುದು ಸುಲಭ. ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು? ವಿಜ್ಞಾನವನ್ನೇ ಕೇಳಿ ನೋಡೋಣ.

ಹಾರ್ಮೋನಿಯಮ್ಮಿನ ಗಾಂಧಾರ

ವಸ್ತುವಿನ ಕಂಪನದಿಂದ ನಾದ ಹುಟ್ಟುತ್ತದೆ. ಕಂಪನಗಳ ಸಂಖ್ಯೆ ಹೆಚ್ಚಿದಂತೆ ಸ್ವರ ಮೇಲೇರುತ್ತದೆ. ಲೆಕ್ಕದ ಅನುಕೂಲಕ್ಕಾಗಿ ನಮ್ಮ ಷಡ್ಜವು ಸೆಕೆಂಡಿಗೆ 240 ಕಂಪನಗಳದೆಂದು ಇಟ್ಟುಕೊಳ್ಳಿ. ತಾರಷಡ್ಜ ಅದರ ಎರಡರಷ್ಟು, ಅಂದರೆ 480. ಪಂಚಮ ಒಂದೂವರೆಯಷ್ಟು, 360. ಶುದ್ಧ ಗಾಂಧಾರ ಒಂದೂಕಾಲರಷ್ಟು, 300. ಇಂತಹ ಸರಳ ಪ್ರಮಾಣಗಳಿದ್ದಾಗ ಸ್ವರಗಳು ಒಂದರೊಳಗೊಂದು ಬೆರೆಯುತ್ತವೆ. ಪಳಗಿದ ಕಿವಿ ಇವನ್ನೇ ಅರಸುತ್ತದೆ.

ಸಾಮಾನ್ಯ ಹಾರ್ಮೋನಿಯಮ್ಮಿನ ಏರ್ಪಾಡು ಬೇರೆ. ಯಾವ ಮನೆಯಿಂದಾದರೂ ಷಡ್ಜ ಹಿಡಿಯಲು ಬರುವಂತೆ ಅದರ ಸಪ್ತಕವನ್ನು ಹನ್ನೆರಡು ಸಮ ಮೆಟ್ಟಿಲುಗಳಾಗಿ ಹಂಚಲಾಗಿದೆ. ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.0595ರಷ್ಟು. ಷಡ್ಜದಿಂದ ನಾಲ್ಕು ಮೆಟ್ಟಿಲೇರಿದರೆ ದೊರೆಯುವ ಗಾಂಧಾರ 300 ಅಲ್ಲ, ಸುಮಾರು 302.4.

ಇಷ್ಟು ಸಣ್ಣ ಅಂತರ ಕಿವಿಗೆ ತಿಳಿದೀತೇ ಎಂದು ಕೇಳಬಹುದು. ತಿಳಿಯುತ್ತದೆ. ಸಮೀಪದ ಎರಡು ಸ್ವರಗಳು ಒಟ್ಟಿಗೆ ನುಡಿದಾಗ ಅಲೆಗಳು ಒಮ್ಮೆ ಕೂಡಿ ನಾದ ಉಬ್ಬುತ್ತದೆ, ಇನ್ನೊಮ್ಮೆ ಎದುರುಬದುರಾಗಿ ತಗ್ಗುತ್ತದೆ. ಈ ಏರಿಳಿತಕ್ಕೆ ವಿಸ್ಪಂದನವೆಂದು ಹೆಸರು. ಅದರ ಸಂಖ್ಯೆ ಎರಡು ಕಂಪನಸಂಖ್ಯೆಗಳ ವ್ಯತ್ಯಾಸಕ್ಕೆ ಸಮ. ಆದುದರಿಂದ ಕೊಳಲಿನ ಶುದ್ಧ ಗಾಂಧಾರವೂ ಹಾರ್ಮೋನಿಯಮ್ಮಿನ ಗಾಂಧಾರವೂ ಕೂಡಿದಾಗ ಹತ್ತು ಸೆಕೆಂಡಿಗೆ 24 ಬಾರಿ ನಾದ ನಡುಗುತ್ತದೆ. ಇಲ್ಲಿ ಹುಡುಗನ ಗಾಂಧಾರವೇ ಸರಿ. ಒಪ್ಪಂದಕ್ಕಾಗಿ ಸ್ವಲ್ಪ ಸರಿದು ನಿಂತಿರುವುದು ಪೆಟ್ಟಿಗೆಯ ಗಾಂಧಾರ.

ಈ ವಾದ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಅರ್ನೆಸ್ಟ್ ಕ್ಲೆಮೆಂಟ್ಸರೂ 22 ಶ್ರುತಿಗಳನ್ನು ಅಳೆಯಲು ತೊಡಗಿದಾಗ, ಆ ಪ್ರಯೋಗಗಳಿಗೆ ಕಂಠವಿತ್ತವರು ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು. ಮುಂದೆ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ನಿಷೇಧಿಸಿತು; 1971ರವರೆಗೂ ಆ ಬಾಗಿಲು ತೆರೆಯಲಿಲ್ಲ.

ಬಿಸಿಲಿನ ಕೈವಾಡ

ಬೆಳಗ್ಗೆ ಹೊಂದಿಕೊಂಡಿದ್ದ ವಾದ್ಯಗಳು ಮಧ್ಯಾಹ್ನ ಮುನಿಸಿಕೊಳ್ಳುವುದಕ್ಕೂ ಕಾರಣವುಂಟು. ಕೊಳಲಿನಲ್ಲಿ ಕಂಪಿಸುವುದು ಗಾಳಿಯ ಕಂಬ. ಗಾಳಿ ಕಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ: 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು, 38 ಡಿಗ್ರಿಯಲ್ಲಿ ಸುಮಾರು 354. ನುಡಿಸುವವನ ಉಸಿರಿನ ಶಾಖವನ್ನು ಲೆಕ್ಕಿಸದೆ ಹೇಳುವುದಾದರೆ 240ರ ಸ್ವರ 247ಕ್ಕೆ ಏರಬೇಕು. ಇದು ಹಾರ್ಮೋನಿಯಮ್ಮಿನ ಒಂದು ಮೆಟ್ಟಿಲಿನ ಅರ್ಧದಷ್ಟು. ಉಸಿರು ಮೊದಲೇ ಬೆಚ್ಚಗಿರುವುದರಿಂದ ಏರಿಕೆ ಇದಕ್ಕಿಂತ ಕಡಿಮೆಯಾದರೂ ಕಿವಿಗೆ ತಪ್ಪದು. ಅತ್ತ ಸಿತಾರಿನ ತಂತಿ ಕಾದು ಹಿಗ್ಗುತ್ತದೆ, ಬಿಗಿ ಸಡಿಲುತ್ತದೆ, ಸ್ವರ ಇಳಿಯುತ್ತದೆ. ಎರೆಯ ಬಯಲಿನ ಬೇಸಗೆಯಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ! ನೆರಳಿನಲ್ಲಿ ಶ್ರುತಿಮಾಡಿ ಬಿಸಿಲಿನಲ್ಲಿ ನುಡಿಸಿದರೆ ಮೇಳ ಕೆಡದೆ ಇರುವುದೆಂತು?

ಚರ್ಮದ ನುಡಿ

ಒಂದೇ ದಪ್ಪದ ಚರ್ಮವನ್ನು ಬಿಗಿದು ಬಡಿದರೆ ಮೂಲಸ್ವರದೊಡನೆ ಅದರ 1.59, 2.14ರಷ್ಟು ಕಂಪನಗಳ ಉಪಸ್ವರಗಳು ಹುಟ್ಟುತ್ತವೆ. ಸರಳ ಪ್ರಮಾಣವಿಲ್ಲದ ಕಾರಣ ಖಚಿತ ಸ್ವರ ಕೇಳಿಸದು. ಮೃದಂಗ, ತಬಲಾಗಳ ನಡುವಿನ ಕರಿಯ ಕರಣೆಯು ಚರ್ಮಕ್ಕೆ ಭಾರವಿಟ್ಟು ಈ ಉಪಸ್ವರಗಳನ್ನು ಮೂಲದ ಎರಡು, ಮೂರು, ನಾಲ್ಕು, ಐದರಷ್ಟಕ್ಕೆ ತಂದು ಕೂರಿಸುತ್ತದೆ. ಇದನ್ನು ಲೋಕಕ್ಕೆ ತಿಳಿಸಿದವರು ಚಂದ್ರಶೇಖರ ವೆಂಕಟರಾಮನ್. 1920ರಲ್ಲಿ ಆರಂಭಿಸಿದ ಶೋಧವನ್ನು ಮುಂದಿನ ದಶಕದಲ್ಲಿ ಬೆಂಗಳೂರಿನಲ್ಲಿ ವಿಸ್ತರಿಸಿದರು. ಹೆಸರರಿಯದ ನಮ್ಮ ವಾದ್ಯಕಾರರು ಶತಮಾನಗಳ ಹಿಂದೆ ಬೆರಳ ತುದಿಯಿಂದ ಬಿಡಿಸಿದ್ದ ಸಮಸ್ಯೆಯಿದು.

ಹುಬ್ಬಳ್ಳಿಯ ಸುತ್ತಿನಲ್ಲಿ ಹೋಳಿಹಬ್ಬಕ್ಕೆ ಮೊಳಗುವ ಜಗ್ಗಲಿಗೆಗೆ ಕರಣೆಯಿಲ್ಲ. ಎತ್ತಿನ ಗಾಡಿಯ ಗಾಲಿಯಷ್ಟು ಅಗಲದ ಆ ವಾದ್ಯ ಸ್ವರಕ್ಕಾಗಿ ಹುಟ್ಟಿದ್ದಲ್ಲ, ಲಯಕ್ಕಾಗಿ. ಅದರಿಂದ ಕಲಿಯುವುದೂ ಇದೆ. ಮೆರವಣಿಗೆಯ ಮುಂದಿನ ಪೆಟ್ಟು 34 ಮೀಟರು ಹಿಂದಿರುವವನನ್ನು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅರ್ಧ ಸೆಕೆಂಡಿಗೊಂದು ಪೆಟ್ಟು ಬೀಳುವ ನಡೆಯಲ್ಲಿ ಇದು ಮಾತ್ರೆಯ ಐದನೆಯ ಒಂದಂಶ. ಕಿವಿಯನ್ನೊಂದನ್ನೇ ನಂಬಿದವನು ಹಿಂದುಳಿಯುತ್ತಾನೆ. ಮುಂದಾಳಿನ ಕೈಯನ್ನು ಕಣ್ಣಿನಿಂದ ಹಿಂಬಾಲಿಸುವವನು ತಾಳ ತಪ್ಪುವುದಿಲ್ಲ.

ಮೇಳ ಕಟ್ಟುವ ಬಗೆ

ಇಷ್ಟನ್ನು ಅರಿತ ಶಾಲೆ ಏನು ಮಾಡಬೇಕು? ತಂಬೂರಿಯ ಷಡ್ಜವನ್ನು ಎಲ್ಲರಿಗೂ ಒಡೆಯನನ್ನಾಗಿ ಮಾಡಲಿ. ನುಡಿಸುವ ಜಾಗದಲ್ಲಿಯೇ, ನುಡಿಸುವ ಹೊತ್ತಿಗೇ ಶ್ರುತಿ ಕೂಡಿಸಲಿ. ಹಾರ್ಮೋನಿಯಮ್ಮನ್ನು ಹೊರಹಾಕಬೇಕಿಲ್ಲ, ಅದರ ಪಂಚಮದಲ್ಲಿರುವ ಕೊರತೆ ಸೆಕೆಂಡಿಗೆ ಅರ್ಧ ಕಂಪನವೂ ಅಲ್ಲವಾದುದರಿಂದ ಷಡ್ಜ ಪಂಚಮಗಳ ಆಧಾರವನ್ನು ಅದು ಚೆನ್ನಾಗಿ ಕೊಡಬಲ್ಲದು. ವಾದಕರು ಉದ್ದ ಸಾಲಿನಲ್ಲಿ ನಿಲ್ಲದೆ ಮುಂದಾಳಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಕುಳಿತುಕೊಳ್ಳಲಿ. ಹಲಗೆ, ಜಗ್ಗಲಿಗೆಗಳನ್ನು ಮನೆಯಲ್ಲಿಯೇ ಕಲಿತು ಬಂದ ಹುಡುಗನಿಗೆ ಲಯದ ಹೊಣೆ ಬರಲಿ.

ಎರಡು ತಂತಿಗಳನ್ನು ಹತ್ತಿರದ ಸ್ವರಗಳಿಗೆ ಬಿಗಿದು ವಿಸ್ಪಂದನಗಳನ್ನು ಎಣಿಸಿ ನೋಡಿ. ಬಿರಟೆಯನ್ನು ಮೆಲ್ಲನೆ ತಿರುಗಿಸಿದಂತೆ ನಡುಕ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಆ ನಿಶ್ಚಲ ಕ್ಷಣವನ್ನು ಗುರುತಿಸಬಲ್ಲ ಯಾವ ವಿದ್ಯಾರ್ಥಿಗೂ ಕಿವಿಯಿಲ್ಲವೆಂದು ಹೇಳುವಂತಿಲ್ಲ. ಪ್ರಯೋಗಶಾಲೆಯಿಲ್ಲದ ಹಳ್ಳಿಯ ಶಾಲೆಗೂ ಒಂದು ತಂಬೂರಿ ಸಿಕ್ಕರೆ ಸಾಕು. ಭೌತವಿಜ್ಞಾನದ ಪಾಠವೂ ಸಂಗೀತದ ಪಾಠವೂ ಒಂದೇ ಗಂಟೆಯಲ್ಲಿ ನಡೆದುಹೋಗುತ್ತವೆ.