ಇಮಾಮರ ಕರೆ, ಜನರ ವೋಟು

ದೆಹಲಿಗೆ ಕೆಲಸಕ್ಕೆ ಬಂದ ಮೇಲೆ, ಹಳೇ ದಿಲ್ಲಿಯ ಹಿರಿಯರಿಂದ ನಾನು ಮತ್ತೆ ಮತ್ತೆ ಕೇಳಿದ ಹೆಸರು ಅಬ್ದುಲ್ಲಾ ಬುಖಾರಿ. 1973ರಿಂದ 2000ದವರೆಗೆ ಜಾಮಾ ಮಸೀದಿಯ ಶಾಹಿ ಇಮಾಮರು. ಷಹಜಹಾನನ ಕಾಲದಿಂದ ಆ ಹುದ್ದೆ ಒಂದೇ ಮನೆತನದ್ದು.

ಅವರನ್ನು ರಾಜಕೀಯದ ಮುಂದಾಳಾಗಿಸಿದ್ದು ತುರ್ತು ಪರಿಸ್ಥಿತಿ. ಬಲವಂತದ ಸಂತಾನಹರಣ ಚಿಕಿತ್ಸೆ. 1976ರ ಏಪ್ರಿಲ್‌ನಲ್ಲಿ ಮಸೀದಿಗೆ ಸಮೀಪದ ತುರ್ಕಮಾನ್ ಗೇಟ್‌ನಲ್ಲಿ ಬುಲ್ಡೋಜರ್, ಗೋಲಿಬಾರ್. 1977ರಲ್ಲಿ ಬುಖಾರಿ ಜನತಾ ಪಕ್ಷದ ಪರ ನಿಂತರು. ದೆಹಲಿಯ ಏಳಕ್ಕೆ ಏಳೂ ಸೀಟು ಜನತಾ ಪಾಲಾಯಿತು. ಅದೇ ಚುನಾವಣೆಯಲ್ಲಿ ನಮ್ಮ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತ್ತು! ಊರಲ್ಲಿ ಅರಸರ ಭೂಸುಧಾರಣೆಯ ಕಾಲ. ಇಲ್ಲಿನ ಗಲ್ಲಿಗಳ ಸಿಟ್ಟು ಅಲ್ಲಿಗೆ ಮುಟ್ಟಿರಲಿಲ್ಲ.

1980ರಲ್ಲಿ ಅದೇ ಬುಖಾರಿ ಕಾಂಗ್ರೆಸ್ ಕಡೆ, 1989ರಲ್ಲಿ ಜನತಾದಳದ ಕಡೆ. ನಡುವೆ ಬಾಬರಿ ಮಸೀದಿ ವಿವಾದದಲ್ಲಿ ಉಗ್ರ ಭಾಷಣಗಳು. ಅವು ಯಾರಿಗೆ ಒಳ್ಳೆಯದು ಮಾಡಿದವೋ ಕಾಣೆ. ಆದರೂ ಇಮಾಮರು ಹೇಳಿದರೆ ವೋಟು ಬಿದ್ದಂತೆಯೇ ಎಂದು ಪಕ್ಷಗಳು ನಂಬಿದವು. ನನಗೆ ಹಾಗನ್ನಿಸುವುದಿಲ್ಲ. 1977ರಲ್ಲಿ ಜನ ಅವರ ಮಾತು ಕೇಳಿ ಸಿಟ್ಟಾದವರಲ್ಲ. ಇದ್ದ ಸಿಟ್ಟಿಗೆ ಅವರು ದನಿಯಾದರು, ಅಷ್ಟೇ.

2004ರಲ್ಲಿ ಮಗ ಅಹ್ಮದ್ ಬುಖಾರಿ, ಆಗಿನ ಇಮಾಮರು, ಬಿಜೆಪಿಗೆ ವೋಟು ಹಾಕಿ ಎಂದು ಕರೆಕೊಟ್ಟರು. ಮಸೀದಿಯಿರುವ ಚಾಂದನಿ ಚೌಕ್ ಕ್ಷೇತ್ರದಲ್ಲಿ ಗೆದ್ದವರು ಕಾಂಗ್ರೆಸ್ಸಿನ ಕಪಿಲ್ ಸಿಬಲ್.