ನೆಲದಡಿಯ ಉಸಿರು

ಧಾರವಾಡ ಸೀಮೆಯ ಹಿರಿಯ ಒಕ್ಕಲು ಮನೆತನಗಳಿಗೆ ಹಗೇವಿನ ಪರಿಚಯ ಹೇಳಬೇಕಾಗಿಲ್ಲ. ಬಾಯಿ ಕಿರಿದು, ಒಡಲು ಹಿರಿದು. ಹೂಜಿಯಂತೆ ನೆಲದಲ್ಲಿ ತೋಡಿದ ಆ ಕುಳಿಯಲ್ಲಿ ಜೋಳವನ್ನು ತುಂಬಿ, ಹುಲ್ಲು ಹೊದಿಸಿ, ಮಣ್ಣು ಮುಚ್ಚಿದರೆ ಬರಗಾಲಕ್ಕೂ ಅನ್ನ ಕಾದಿರುತ್ತಿದ್ದಿತು. ಆದರೆ ಹಗೇವನ್ನು ತೆರೆದ ಕೂಡಲೆ ಅದರೊಳಗೆ ಇಳಿಯುವ ಸಾಹಸವನ್ನು ಅನುಭವಸ್ಥರು ಮಾಡುತ್ತಿರಲಿಲ್ಲ. ಮೊದಲು ಗಾಳಿಯಾಡಲು ಬಿಡಬೇಕು. ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡಬೇಕು. ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಏಕೆಂದರೆ ಕಾಳೂ ಉಸಿರಾಡುತ್ತದೆ. ಮುಚ್ಚಿದ ಕುಳಿಯೊಳಗಿನ ಪ್ರಾಣವಾಯುವನ್ನು ಹೀರಿ, ಗಾಳಿಗಿಂತ ಭಾರವಾದ ಇಂಗಾಲಾಮ್ಲ ವಾಯುವನ್ನು ತಳದಲ್ಲಿ ತುಂಬಿರುತ್ತದೆ. ಅದನ್ನು ಮರೆತು ಇಳಿದವನೂ, ಅವನನ್ನು ಎತ್ತಲು ಧಾವಿಸಿದವನೂ ಒಟ್ಟಿಗೆ ಪ್ರಾಣ ನೀಗಿದ ಪ್ರಸಂಗಗಳುಂಟು.

ಕಾಳನ್ನು ಕಾಯಬಲ್ಲ ನೆಲ ಮನುಷ್ಯನನ್ನೂ ಕಾಯಬಲ್ಲುದೆ? ಎರಡನೆಯ ಮಹಾಯುದ್ಧವು ಈ ಪ್ರಶ್ನೆಯನ್ನು ಲಕ್ಷಾಂತರ ಜನರ ಮುಂದಿಟ್ಟಿತು. 1942ರ ಏಪ್ರಿಲ್ 5ರಂದು ಕೊಲಂಬೊ ನಗರದ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಜಪಾನಿ ವಿಮಾನಗಳು ಬಾಂಬು ಸುರಿಸಿದವು. ಸಾವಿರಾರು ಕೈಗಳು ದುಡಿಯುತ್ತಿದ್ದ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಅಂಥ ದುರ್ದಿನ ಒದಗಲಿಲ್ಲ. ಆದರೆ ಬ್ರಿಟನ್ನಿನ ಕಾರ್ಖಾನೆಗಳಿಗೆ ಆ ಭಾಗ್ಯವಿರಲಿಲ್ಲ.

ಅಲ್ಲಿ 1939ರ ಕಾನೂನಿನ ಪ್ರಕಾರ, ಅಪಾಯದ ಪ್ರದೇಶಗಳೆಂದು ಗೊತ್ತುಪಡಿಸಿದ ಕಡೆ 50ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯ ಮಾಲೀಕನು ಅವರಿಗೆ ಆಶ್ರಯಸ್ಥಾನವನ್ನು ಒದಗಿಸಲೇಬೇಕಾಗಿದ್ದಿತು. ಅಪಾಯದ ಕಹಳೆ ಕೂಗಿದ ಮೇಲೆ ದೊರೆಯುತ್ತಿದ್ದುದು ಕೆಲವೇ ನಿಮಿಷಗಳು. ಅಷ್ಟರಲ್ಲಿ ಜನ ಮರೆಯಾಗಬೇಕು. ವಿಮಾನಗಳು ಹೋದೊಡನೆ ಯಂತ್ರಗಳ ಬಳಿಗೆ ಮರಳಬೇಕು. ಆದುದರಿಂದ ಎಷ್ಟೋ ಕಡೆ ದುಡಿಮೆಯ ನೆಲದ ಕೆಳಗೇ ಅಡಗುವ ನೆಲೆ ಸಿದ್ಧವಾಯಿತು. ಬರ್ಮಿಂಗ್‌ಹ್ಯಾಮಿನ ಲಾಂಗ್‌ಬ್ರಿಜ್‌ನಲ್ಲಿದ್ದ ಆಸ್ಟಿನ್ ಮೋಟಾರು ಕಾರ್ಖಾನೆಯ ಅಡಿಯಲ್ಲಿ ಸುರಂಗಗಳನ್ನೇ ಕೊರೆದಿದ್ದರು. ಅವು ಆಶ್ರಯವೂ ಆಗಿದ್ದವು, ಯುದ್ಧಸಾಮಗ್ರಿಯ ಕೆಲಸದ ಮನೆಯೂ ಆಗಿದ್ದವು. 2005ರಲ್ಲಿ ಆ ಕಾರ್ಖಾನೆಯನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿಯಾಯಿತು. ಯುದ್ಧಾನಂತರ ಯಾವಾಗಲೋ ಸುರಂಗದಲ್ಲಿ ಬಿಟ್ಟು ಮರೆತಿದ್ದ ಮಿನಿ ಕಾರೊಂದು ಆಮೇಲೆ ಹೊರಬಂದಿತು.

ಹಾಳು ಸ್ಥಳಗಳನ್ನು ನೋಡುವ ಹವ್ಯಾಸವುಳ್ಳವರು ಇಂದಿಗೂ ಇಂಥ ನೆಲೆಗಳಿಗೆ ಇಳಿಯುತ್ತಾರೆ. ಗೋಡೆಗುಂಟ ಸಾಲು ಬೆಂಚುಗಳು, ಹೊರದಾರಿ ತೋರುವ ಮಾಸಿದ ಬಾಣದ ಗುರುತು, ತುರ್ತಿನ ಕಿಂಡಿಗೆ ಏರುವ ಕಬ್ಬಿಣದ ಏಣಿ: ಕೈದೀಪದ ಬೆಳಕಿಗೆ ಕಾಣುವುದು ಇಷ್ಟೆ. ಆದರೂ ಆ ಏಣಿಯ ಬೆಲೆಯೇನೆಂಬುದನ್ನು ಒಂದು ರಾತ್ರಿಯ ಕಥೆ ಹೇಳುತ್ತದೆ.

ಇಂಗ್ಲೆಂಡಿನ ಈಶಾನ್ಯ ತೀರದ ನಾರ್ತ್ ಶೀಲ್ಡ್ಸ್ ಊರಿನಲ್ಲಿ ವಿಲ್ಕಿನ್ಸನ್ನರ ಲೆಮನೇಡು ಕಾರ್ಖಾನೆಯಿದ್ದಿತು. ಅದರ ನೆಲಮಾಳಿಗೆಯೇ ಸುತ್ತಲಿನ ಕೇರಿಯವರಿಗೆ ಆಶ್ರಯಸ್ಥಾನ. 1941ರ ಮೇ 3, ಶನಿವಾರ ರಾತ್ರಿ, ತಾಯಂದಿರು ಮಕ್ಕಳನ್ನು ಕರೆದುಕೊಂಡು ಅಲ್ಲಿ ಸೇರಿದ್ದರು. ಒಂಟಿ ವಿಮಾನದಿಂದ ಉದುರಿದ ಬಾಂಬೊಂದು ನೇರವಾಗಿ ಕಟ್ಟಡಕ್ಕೆ ಬಡಿಯಿತು. ಮೇಲಂತಸ್ತಿನ ಭಾರಿ ಯಂತ್ರಗಳು ನೆಲವನ್ನು ಸೀಳಿಕೊಂಡು ಮಾಳಿಗೆಗೆ ಕುಸಿದವು. ಸತ್ತವರು 107 ಮಂದಿ. ಅವರಲ್ಲಿ ಮಕ್ಕಳೇ ಎಷ್ಟೋ. ಆ ನೆಲೆಯ ಮೇಲ್ವಿಚಾರಣೆ ನೋಡುತ್ತಿದ್ದ ಎಲೆನ್ ಲೀ ಎಂಬಾಕೆ, ಬದುಕುಳಿದ ಹಲವರನ್ನು ಹೊರಕ್ಕೆ ಸಾಗಿಸಿದಳು. ಕೊಂದದ್ದು ಬಾಂಬು ಮಾತ್ರವಲ್ಲ, ತಲೆಯ ಮೇಲಿದ್ದ ಭಾರವೂ ಹೌದು.

ಅದೇ ದೇಶದ ಸ್ಟಾಕ್‌ಪೋರ್ಟ್ ಪಟ್ಟಣದವರು ಕೆಂಪು ಮರಳುಗಲ್ಲಿನ ಬಂಡೆಯಲ್ಲಿ ಸುರಂಗಗಳನ್ನು ಕೊರೆದು, 1939ರ ಅಕ್ಟೋಬರಿನಲ್ಲಿಯೇ ಜನರಿಗೆ ತೆರೆದಿದ್ದರು. ಅಲ್ಲಿ ನೆತ್ತಿಯ ಮೇಲಿದ್ದುದು ಯಂತ್ರಗಳಲ್ಲ, ಬಂಡೆ. 1996ರಿಂದ ಅದು ವಸ್ತುಸಂಗ್ರಹಾಲಯವಾಗಿದೆ.

ನಮ್ಮ ನೆರೆಯಲ್ಲಿಯೂ ಇಂಥದೊಂದು ಕುತೂಹಲವುಂಟು. 1956ರವರೆಗೆ ಧಾರವಾಡ ಜಿಲ್ಲೆಯನ್ನು ಆಳಿದ ಮುಂಬಯಿಯ ರಾಜಭವನದ ಅಡಿಯಲ್ಲಿ, 2016ರ ಆಗಸ್ಟಿನಲ್ಲಿ, ಮುಚ್ಚಿದ ಗೋಡೆಯ ಹಿಂದೆ ಬ್ರಿಟಿಷರ ಕಾಲದ ಬಂಕರೊಂದು ದೊರೆಯಿತು. ಹದಿಮೂರು ಕೋಣೆಗಳು, ಸುಮಾರು 5,000 ಚದರಡಿಯ ಹರವು. ದಶಕಗಳ ಕತ್ತಲೆಯ ನಂತರವೂ ನೀರು ಹರಿಯುವ ಕಾಲುವೆ, ಗಾಳಿ ಬೆಳಕಿನ ದ್ವಾರಗಳು ಕೆಡದೆ ಉಳಿದಿದ್ದವು. ಅಲ್ಲಿ ಜನರಿಗೆಂದು ಕೋಣೆಗಳನ್ನು ಕಟ್ಟಿದ್ದುದಕ್ಕಿಂತ ತೋಪಿನ ಗುಂಡು, ಮದ್ದುಗಳಿಗೆಂದು ಕಟ್ಟಿದ್ದೇ ಹೆಚ್ಚು! ಮದ್ದುಗುಂಡಿಗೆ ದೊರೆತ ಮುನ್ನೆಚ್ಚರಿಕೆ ಲೆಮನೇಡು ಕಾರ್ಖಾನೆಯ ಕೆಳಗಿನ ಮಕ್ಕಳಿಗೆ ದೊರೆಯಲಿಲ್ಲ.

ಪಾಳು ನೆಲೆಗಳಲ್ಲಿ ಈಗ ಬಾಂಬಿನ ಭಯವಿಲ್ಲ, ಉಸಿರಿನ ಭಯವಿದೆ. ತುಕ್ಕು ಹಿಡಿಯುವ ಕಬ್ಬಿಣವೂ ಕೊಳೆಯುವ ಮರವೂ ಹಗೇವಿನ ಜೋಳದಂತೆಯೇ ಪ್ರಾಣವಾಯುವನ್ನು ನುಂಗುತ್ತವೆ. ಆದುದರಿಂದ ತಿಳಿದವರು ಗಾಳಿಯನ್ನು ಅಳೆಯುವ ಉಪಕರಣವಿಲ್ಲದೆ ಇಳಿಯುವುದಿಲ್ಲ, ಒಂಟಿಯಾಗಿಯೂ ಇಳಿಯುವುದಿಲ್ಲ. ದೀಪದ ಜಾಗಕ್ಕೆ ಯಂತ್ರ ಬಂದಿದೆ. ಮಿಕ್ಕ ವಿಧಿ ನಮ್ಮ ಹಗೇವಿನದೇ: ಒಬ್ಬನು ಇಳಿಯುವಾಗ ಇನ್ನೊಬ್ಬನು ಹಗ್ಗ ಹಿಡಿದು ಬಾಯಿಯ ಬಳಿ, ಬೆಳಕಿನಲ್ಲಿ, ನಿಂತಿರಬೇಕು.